ಹಳೆಯ ಪದ್ಮಿನಿ, ಹಳೆಯ 800 ಹೀಟ್ ಆದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ತೋಟದ ಮನೆಗಳಲ್ಲಿ ಕೊಟ್ಟಿಗೆ ಪಕ್ಕ ಇನ್ನೂ ಪ್ರೀಮಿಯರ್ ಪದ್ಮಿನಿ ನಿಂತಿರುತ್ತದೆ, ಇಲ್ಲವೇ ಕಾರ್ಬೊರೇಟರ್ ಕಾಲದ ಮಾರುತಿ 800. ಇಂಥ ಗಾಡಿ ಇಟ್ಟುಕೊಂಡವರು ಮದುವೆ ಮನೆಯಲ್ಲಿ ಸಿಗಲಿ, ಪೆಟ್ರೋಲ್ ಬಂಕಿನಲ್ಲಿ ಸಿಗಲಿ, ಫೋನ್ ಮಾಡಲಿ, ಮಾತು ಬರುವುದು ಅಲ್ಲಿಗೇ: ‘ಗಾಡಿ ಹೀಟ್ ಆಗ್ತಿದೆ, ಏನ್ ಮಾಡೋದು?’ ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಎಂಜಿನ್ ಬಿಚ್ಚುವ ಕೆಲಸ ಕೊನೆಗೆ.

## ಮೊದಲಿಗೆ

ಘಾಟಿ ನಡುವೆ ಬಾನೆಟ್‌ನಿಂದ ಹಬೆ ಬಂತು. ತಕ್ಷಣ ಏನು ಮಾಡಬೇಕು?

ತಿರುವು ದಾಟಿ, ಜಾಗ ಇರುವಲ್ಲಿ ಬದಿಗೆ ಹಾಕಿ. ಎಂಜಿನ್ ಬಂದ್ ಮಾಡಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಆಮೇಲೆ ಸುಮ್ನೆ ನಿಲ್ಲಿ. ಕಷ್ಟದ ಕೆಲಸ ಇದೇ.

ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಒಳಗೆ ನೂರು ಡಿಗ್ರಿ ದಾಟಿದ ನೀರು ಒತ್ತಡದಲ್ಲಿ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣಕ್ಕೆ ಮುಖದ ಮೇಲೆ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಬಿಡಿ. ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಬಟ್ಟೆ ಹಿಡಿದು ಹಿಚುಕಿ ನೋಡಿ. ಅದು ಮೆತ್ತಗಾಗಿದ್ದರೆ ಒತ್ತಡ ಇಳಿದಿದೆ ಎಂದರ್ಥ. ಕ್ಯಾಪ್ ಮೇಲೆ ದಪ್ಪ ಬಟ್ಟೆ ಹಾಕಿ, ಮೊದಲ ಕಚ್ಚಿನವರೆಗೆ ಮಾತ್ರ ತಿರುಗಿಸಿ, ಉಸಿರು ಬಿಡಲು ಬಿಟ್ಟು, ಆಮೇಲೆ ತೆಗೆಯಿರಿ. ಎಂಜಿನ್ ಪೂರ್ತಿ ಆರುವ ಮೊದಲು ತಣ್ಣೀರು ಸುರಿಯಬೇಡಿ. ಪದ್ಮಿನಿಯದ್ದೂ 800ರದ್ದೂ ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ ಎಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಂ. ಕಾದ ಅಲ್ಯೂಮಿನಿಯಂಗೆ ತಣ್ಣೀರು ಬಿದ್ದರೆ ಅದು ಬಾಗಬಹುದು, ಬಿರುಕೂ ಬಿಡಬಹುದು.

ಹಬೆ ಇನ್ನೂ ಬಂದಿಲ್ಲ, ಬಿಸಿ ತೋರಿಸುವ ಮೀಟರಿನ ಮುಳ್ಳು ಮಾತ್ರ ಏರುತ್ತಿದೆ, ನಿಲ್ಲಿಸಲು ಜಾಗ ಇಲ್ಲ. ಆಗ ಹೀಟರ್ ಇರುವ ಗಾಡಿಯಲ್ಲಿ ಅದನ್ನು ಪೂರ್ತಿ ಹಾಕಿ, ಕಿಟಕಿ ಇಳಿಸಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ ಅಲ್ವಾ?

ಮುಳ್ಳು ಅರ್ಧ ದಾಟಿದರೆ ಗಾಬರಿ ಬೀಳಬೇಕಾ?

ಎಲ್ಲಿ ನಿಂತಿದೆ ಅನ್ನುವುದಕ್ಕಿಂತ, ದಿನಾ ನಿಲ್ಲುವ ಜಾಗ ಬಿಟ್ಟು ಸರಿದಿದೆಯಾ ಅನ್ನುವುದನ್ನು ನೋಡಿ. ಘಾಟಿಯಲ್ಲಿ ಸ್ವಲ್ಪ ಏರಿ, ಮೇಲೆ ಮುಟ್ಟಿದ ಮೇಲೆ ಇಳಿದರೆ ಅದು ಸಹಜ. ಏರಿದ್ದು ಇಳಿಯದಿದ್ದರೆ ತೊಂದರೆ ಇದೆ.

ಮುಳ್ಳಿನ ಜೊತೆಗೆ ಬ್ಯಾಟರಿ ಚಾರ್ಜಿಂಗ್ ಕೆಂಪು ದೀಪವೂ ಹತ್ತಿದರೆ ಹೆಚ್ಚು ಯೋಚಿಸುವ ಅಗತ್ಯವಿಲ್ಲ. ಬೆಲ್ಟ್ ಹೋಗಿದೆ. ಎರಡೂ ಗಾಡಿಗಳಲ್ಲಿ ಡೈನಮೋ ಅಥವಾ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತದೆ. ‘ಮನೆ ಇಲ್ಲೇ ಎರಡು ಕಿಲೋಮೀಟರ್’ ಎಂದು ಓಡಿಸಬೇಡಿ. ಆ ಎರಡು ಕಿಲೋಮೀಟರಿಗೇ ಹೆಡ್ ಹೋಗುತ್ತದೆ. ಡಿಕ್ಕಿಯಲ್ಲಿ ಒಂದು ಬೆಲ್ಟ್, ಅದನ್ನು ಹಾಕಲು ಬೇಕಾದ ಸ್ಪ್ಯಾನರ್, ಎರಡು ಲೀಟರ್ ನೀರು ಯಾವಾಗಲೂ ಇರಲಿ.

ನಮ್ಮಲ್ಲಿ ನೀರು ಹೆಪ್ಪುಗಟ್ಟೋ ಚಳಿ ಇಲ್ಲ. ಕೂಲೆಂಟ್ ಯಾಕೆ? ಹಳ್ಳದ ನೀರೇ ಸಾಕಲ್ವಾ?

ಚಳಿಗೆ ಅಲ್ಲ, ತುಕ್ಕಿಗೆ. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಬೆಸುಗೆಯ ಸೀಸ, ಇಷ್ಟೂ ಒಂದೇ ನೀರಿನಲ್ಲಿ ಕೂತರೆ ಒಂದನ್ನೊಂದು ತಿನ್ನುತ್ತವೆ. ಕೂಲೆಂಟಿನಲ್ಲಿರುವ ರಾಸಾಯನಿಕ ಅದನ್ನು ತಡೆಯುತ್ತದೆ. ಕುದಿಯುವ ಬಿಂದುವೂ ಸ್ವಲ್ಪ ಮೇಲೇರುತ್ತದೆ. ಡಿಸ್ಟಿಲ್ಡ್ ನೀರಿನ ಜೊತೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕೂಲೆಂಟ್ ಇದ್ದರೆ ಸಾಕು. ಅದಕ್ಕಿಂತ ಜಾಸ್ತಿ ಹಾಕಿದರೆ ಲಾಭವಿಲ್ಲ. ಶಾಖ ಹೊರುವುದರಲ್ಲಿ ನೀರೇ ಮೇಲು.

ದಾರಿಯಲ್ಲಿ ಸಿಕ್ಕಿಬಿದ್ದಾಗ ಹಳ್ಳದ ನೀರು ಧಾರಾಳವಾಗಿ ಹಾಕಿ. ಬಟ್ಟೆಯಲ್ಲಿ ಸೋಸಿ ಹಾಕಿ. ಊರಿಗೆ ಬಂದ ಮೇಲೆ ಅದನ್ನು ಪೂರ್ತಿ ಹೊರಗೆ ಬಿಟ್ಟುಬಿಡಿ. ಬೋರ್‌ವೆಲ್ ನೀರು ಮಾತ್ರ ಆದಷ್ಟೂ ಬೇಡ. ಅದರ ಲವಣ ಎಂಜಿನ್ ಒಳಗೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ.

ಇನ್ನೊಂದು ಮಾತು: ಕೂಲೆಂಟ್ ಸಿಹಿಯಾಗಿರುತ್ತದೆ, ವಿಷ. ಬಿಟ್ಟ ನೀರನ್ನು ನಾಯಿ, ದನ ನೆಕ್ಕುವ ಜಾಗದಲ್ಲಿ ಚೆಲ್ಲಬೇಡಿ.

## ಯಾವಾಗ ಬಿಸಿಯಾಗುತ್ತದೆ?

ಒಬ್ಬ ಮೆಕ್ಯಾನಿಕ್ ವಾಟರ್ ಪಂಪ್ ಅಂತಾನೆ, ಇನ್ನೊಬ್ಬ ರೇಡಿಯೇಟರ್ ಅಂತಾನೆ. ಯಾರ ಮಾತು ನಂಬೋದು?

‘ಯಾವಾಗ ಬಿಸಿಯಾಗುತ್ತೆ?’ ಎಂದು ಮೊದಲು ಕೇಳಿದವರ ಮಾತು ನಂಬಿ. ಅದನ್ನು ಕೇಳದೆ ಸಾಮಾನು ಬರೆದುಕೊಡುವವರು ನಿಮ್ಮ ದುಡ್ಡಿನಲ್ಲಿ ಊಹೆ ಮಾಡುತ್ತಿದ್ದಾರೆ.

ನಿಂತಾಗ ಬಿಸಿಯಾಗಿ, ಓಡಿದಾಗ ಇಳಿದರೆ ಗಾಳಿಯ ತೊಂದರೆ. ಫ್ಯಾನ್ ನೋಡಿ. ಊರೊಳಗೆ ಸರಿಯಿದ್ದು, ವೇಗದಲ್ಲಿ ಇಲ್ಲವೇ ಏರಿನಲ್ಲಿ ಬಿಸಿಯಾದರೆ ನೀರಿನ ಹರಿವು ಸಾಲುತ್ತಿಲ್ಲ ಅಥವಾ ಎಂಜಿನ್ ಲೆಕ್ಕಕ್ಕಿಂತ ಹೆಚ್ಚು ಶಾಖ ಹುಟ್ಟಿಸುತ್ತಿದೆ. ಸ್ಟಾರ್ಟ್ ಮಾಡಿದ ಐದು ಹತ್ತು ನಿಮಿಷಕ್ಕೇ ಮುಳ್ಳು ಹಾರಿದರೆ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಬಿಡದ ಕವಾಟ) ಮುಚ್ಚಿಕೊಂಡಿದೆ, ನೀರು ಕಡಿಮೆಯಿದೆ, ಅಥವಾ ಗ್ಯಾಸ್ಕೆಟ್ (ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಹಾಳೆ) ಹೋಗಿದೆ. ಹೇಗೆ ಓಡಿಸಿದರೂ ನಿಧಾನಕ್ಕೆ ಏರುತ್ತಲೇ ಹೋದರೆ ಎಲ್ಲಿಂದಲೋ ನೀರು ಹೋಗುತ್ತಿದೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗ್ಯಾರೇಜಿಗೆ ಕೊಂಡೊಯ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಶಿವಮೊಗ್ಗದಲ್ಲಿ ಅಮೀರ್ ಅಹಮದ್ ಸರ್ಕಲ್ ಸಿಗ್ನಲಲ್ಲಿ ನಿಂತರೆ ಸಾಕು, ಮುಳ್ಳು ಮೇಲೆ. ಬಿ.ಎಚ್. ರೋಡಲ್ಲಿ ಹೊರಟರೆ ಸರಿ. ಯಾಕೆ?

ಮೇಲೆ ಹೇಳಿದ ಫ್ಯಾನ್ ಕಥೆ ಇದೇ. ಆದರೆ ಎರಡು ಗಾಡಿಗೆ ಎರಡು ಪರೀಕ್ಷೆ.

800ರಲ್ಲಿ ಫ್ಯಾನ್ ಕರೆಂಟಿನದ್ದು. ನೀರು ಸಾಕಷ್ಟು ಕಾದ ಮೇಲೆ ಥರ್ಮೋ ಸ್ವಿಚ್ ಅದನ್ನು ಹಾಕುತ್ತದೆ. ಗಾಡಿ ನಿಲ್ಲಿಸಿ, ಐಡ್ಲಿಂಗಿನಲ್ಲಿ ಬಿಟ್ಟು ಕಾಯಿರಿ. ಮುಳ್ಳು ಏರಿದರೂ ಫ್ಯಾನ್ ತಿರುಗದಿದ್ದರೆ ಸ್ವಿಚ್ಚಿನ ಎರಡು ವೈರ್ ಕಳಚಿ ಒಂದಕ್ಕೊಂದು ಜೋಡಿಸಿ. ಒಂದೇ ವೈರ್ ಇದ್ದರೆ ಗಾಡಿಯ ಬಾಡಿಯ ಲೋಹಕ್ಕೆ ತಾಗಿಸಿ. ಆಗ ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ. ಆಗಲೂ ತಿರುಗದಿದ್ದರೆ ಫ್ಯೂಸ್, ಕನೆಕ್ಟರ್, ಆಮೇಲೆ ಮೋಟಾರ್ ನೋಡಿ. ನಮ್ಮ ಮಳೆಗೆ ಕನೆಕ್ಟರಿನ ಒಳಗೆ ಹಸಿರು ಕಿಲುಬು ಹಿಡಿಯುತ್ತದೆ. ಮೋಟಾರಿಗೆ ದುಡ್ಡು ಕೊಡುವ ಮೊದಲು ಅದನ್ನು ಉಜ್ಜಿ ನೋಡಿ. ಪರೀಕ್ಷೆ ಮಾಡುವಾಗ ಕೈಯನ್ನು ಫ್ಯಾನಿನಿಂದ ದೂರ ಇಡಿ. ಅದು ಹೇಳದೆ ಕೇಳದೆ ತಿರುಗಲು ಶುರು ಮಾಡುತ್ತದೆ.

ಪದ್ಮಿನಿಯಲ್ಲಿ ಫ್ಯಾನ್ ವಾಟರ್ ಪಂಪಿನ ಮೂತಿಗೇ ಕೂತಿದೆ. ಎಂಜಿನ್ ತಿರುಗಿದಷ್ಟು ಹೊತ್ತೂ ಬೆಲ್ಟ್ ಅದನ್ನು ತಿರುಗಿಸುತ್ತದೆ. ಹಾಗಾಗಿ ಬೆಲ್ಟ್ ನೋಡಿ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಬಗ್ಗಬೇಕು. ಒಳಬದಿ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ. ಹಾಗೆಂದು ತಂತಿಯ ಹಾಗೆ ಬಿಗಿಯುವುದೂ ಬೇಡ, ಪಂಪಿನ ಬೇರಿಂಗ್ ಸಾಯುತ್ತದೆ.

ಊರಲ್ಲಿ ಏನೂ ಇಲ್ಲ. ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಮಾತ್ರ ಹೀಟ್. ಘಾಟಿಯದ್ದೇ ತಪ್ಪಾ?

ಘಾಟಿ ತಪ್ಪು ಮಾಡುವುದಿಲ್ಲ, ಇರುವ ತಪ್ಪನ್ನು ಎತ್ತಿ ತೋರಿಸುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವು, ಫಸ್ಟ್, ಸೆಕೆಂಡ್ ಗೇರ್, ಪೂರ್ತಿ ಆಕ್ಸಿಲರೇಟರ್, ಮುಂದಿನಿಂದ ಬರುವ ಗಾಳಿ ಕಡಿಮೆ. ಊರಲ್ಲಿ ಮುಕ್ಕಾಲು ಪಾಲು ರೇಡಿಯೇಟರ್ ಸಾಕಾಗುತ್ತದೆ. ಇಲ್ಲಿ ಪೂರ್ತಿ ಬೇಕು. ಕಾಲು ಭಾಗ ಕಟ್ಟಿಕೊಂಡಿದ್ದರೆ ಗೊತ್ತಾಗುವುದು ಇಲ್ಲೇ.

ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಮೇಲಿರುವ ಆಗುಂಬೆಯಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಎರಡು ಡಿಗ್ರಿ ದೊಡ್ಡದಲ್ಲ. ಆದರೆ ಕ್ಯಾಪ್ ಒತ್ತಡ ಹಿಡಿಯದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ರೇಡಿಯೇಟರ್ ಸರಿಯಿದ್ದರೆ ಮೂರು ಕಡೆ ನೋಡಿ. ಒಂದು, ಬ್ರೇಕ್. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಗಾಡಿಯ ಡ್ರಮ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಹತ್ತು ಕಿಲೋಮೀಟರ್ ಓಡಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಎಂಜಿನ್ ಘಾಟಿಯ ಜೊತೆ ಬ್ರೇಕನ್ನೂ ಎಳೆಯುತ್ತಿದೆ. ಎರಡು, ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಏರಿನಲ್ಲಿ ಚೋಕನ್ನು ಚೂರೇ ಎಳೆಯಿರಿ. ಗಾಡಿ ಮೊದಲಿಗಿಂತ ಚೆನ್ನಾಗಿ ಎಳೆದರೆ ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟಿದೆ ಅಥವಾ ಕಾರ್ಬೊರೇಟರಿನಿಂದ ಎಂಜಿನ್ನಿಗೆ ಹೋಗುವ ಮ್ಯಾನಿಫೋಲ್ಡ್ ಕೊಳವೆಯ ಗ್ಯಾಸ್ಕೆಟ್ ಕಡೆಯಿಂದ ಗಾಳಿ ನುಗ್ಗುತ್ತಿದೆ. ಮೂರನೆಯದು ಟೈಮಿಂಗ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು. ಅದಕ್ಕೆ ಕೆಳಗೆ ಬೇರೆಯೇ ಉತ್ತರ ಇದೆ.

ಓಡಿಸುವ ಕ್ರಮವೂ ಮುಖ್ಯ. ಮೇಲಿನ ಗೇರಿನಲ್ಲಿ ಕುಂಟಿಸಬೇಡಿ. ಗೇರ್ ಇಳಿಸಿ, ಎಂಜಿನ್ ಹಗುರವಾಗಿ ತಿರುಗಲು ಬಿಡಿ. ಪಂಪ್ ಜೋರಾಗಿ ತಿರುಗುತ್ತದೆ, ಪದ್ಮಿನಿಯಲ್ಲಿ ಫ್ಯಾನೂ.

ಎಂಬತ್ತರ ವೇಗಕ್ಕೆ ಹೋದಾಗ ಮಾತ್ರ ಬಿಸಿ. ಕಡಿಮೆ ಮಾಡಿದರೆ ಇಳಿಯುತ್ತೆ.

ಕೆಳಗಿನ ಹೋಸ್ ನೋಡಿ. ಪಂಪ್ ಆ ಕಡೆಯಿಂದ ನೀರು ಹೀರುತ್ತದೆ. ಹೋಸ್ ಹಳತಾಗಿ ಮೆತ್ತಗಾಗಿದ್ದರೆ ವೇಗಕ್ಕೆ ಚಪ್ಪಟೆಯಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಗಾಡಿ ನಿಲ್ಲಿಸಿ ನೋಡಿದರೆ ಮತ್ತೆ ಗುಂಡಗೆ! ಬಾನೆಟ್ ತೆಗೆದು, ಒಬ್ಬರು ಆಕ್ಸಿಲರೇಟರ್ ಒತ್ತಿದಾಗ ಇನ್ನೊಬ್ಬರು ಹೋಸ್ ಮೇಲೆ ಕಣ್ಣಿಡಿ. ಅದು ಗಟ್ಟಿಯಿದ್ದರೆ ರೇಡಿಯೇಟರಿನ ಒಳಭಾಗ ಕಟ್ಟಿದೆ.

## ಒಂದೊಂದೇ ಭಾಗ

ರೇಡಿಯೇಟರ್ ಕಟ್ಟಿದೆ ಅಂತ ಬಿಚ್ಚದೆ ಹೇಗೆ ಗೊತ್ತಾಗುತ್ತೆ?

ಎಂಜಿನ್ ಚೆನ್ನಾಗಿ ಕಾಯಿಸಿ, ಬಂದ್ ಮಾಡಿ, ಫ್ಯಾನ್ ನಿಂತದ್ದು ಖಾತ್ರಿ ಮಾಡಿಕೊಂಡು, 800ರಲ್ಲಿ ಫ್ಯಾನಿನ ವೈರನ್ನೂ ಕಳಚಿ, ಒದ್ದೆ ಬಟ್ಟೆಯಿಂದ ರೇಡಿಯೇಟರಿನ ಮುಖವನ್ನು ಒರೆಸಿ. ಬಿಸಿ ಇರುವ ಕಡೆ ತೇವ ಕ್ಷಣದಲ್ಲಿ ಆರುತ್ತದೆ. ಕಟ್ಟಿಕೊಂಡ ಕೊಳವೆಗಳ ಕಡೆ ಹಸಿಯಾಗೇ ಉಳಿಯುತ್ತದೆ. ಪಟ್ಟೆ ಪಟ್ಟೆಯಾಗಿ ಕಾಣಿಸುವುದರಿಂದ ಬಡಪಾಯಿ ರೇಡಿಯೇಟರ್ ತಾನೇ ತನ್ನ ಎಕ್ಸ್‌ರೇ ತೋರಿಸಿದಂತಾಗುತ್ತದೆ.

ಹೊರಗಿನ ಕಸ ಬೇರೆ. ಮೊದಲ ಮಳೆಯ ರೆಕ್ಕೆ ಹುಳಗಳು, ತೋಟದ ದಾರಿಯ ಕೆಸರು, ಒಣಗಿದ ಎಲೆ ಚೂರು, ಎಲ್ಲ ಸೇರಿ ಫಿನ್‌ಗಳ ನಡುವೆ ಕಂಬಳಿಯಾಗುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಿ, ಬಂದ ದಾರಿಯಲ್ಲೇ ಕಸ ಹೊರಗೆ ಹೋಗಲಿ. ವಾಟರ್ ಸರ್ವಿಸ್ ಪ್ರೆಷರನ್ನು ಹತ್ತಿರದಿಂದ ಹೊಡೆಸಬೇಡಿ, ಫಿನ್ ಮಲಗಿಬಿಡುತ್ತದೆ.

ಹಳೆಯ ಹಿತ್ತಾಳೆ ತಾಮ್ರದ ರೇಡಿಯೇಟರ್ ಇದ್ದರೆ ಎಸೆಯಬೇಡಿ. ರೇಡಿಯೇಟರ್ ಕೆಲಸದವರು ಮೇಲಿನ ಟ್ಯಾಂಕ್ ಬಿಡಿಸಿ, ಕೊಳವೆಗಳಿಗೆ ಕಡ್ಡಿ ಹಾಕಿ, ಮತ್ತೆ ಬೆಸುಗೆ ಹಾಕುತ್ತಾರೆ. ಇಂಥ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಇರುವಾಗಲೇ ಮಾಡಿಸಿಕೊಳ್ಳಿ.

ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ನಮ್ಮ ದೇಶಕ್ಕೆ ಅದು ಬೇಡ ಅಂತಾರೆ. ನಿಜನಾ?

ನಾನು ಒಪ್ಪುವುದಿಲ್ಲ. ಕಾರ್ತಿಕ, ಮಾಗಿಯ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಗಾಡಿ ತೆಗೆದು ನೋಡಿ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಪೇಟೆ ಮುಟ್ಟಿದರೂ ಬಿಸಿಯಾಗಿರುವುದಿಲ್ಲ. ತಣ್ಣಗಿರುವ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ತೆಗೆದ ಮೇಲೆ ಮುಳ್ಳು ಇಳಿದರೆ ರೋಗ ವಾಸಿಯಾಗಿಲ್ಲ, ಕಾಣದಂತೆ ಕೂತಿದೆ. ಘಾಟಿಯಲ್ಲಿ ಮತ್ತೆ ಎದ್ದು ಬರುತ್ತದೆ.

ಪರೀಕ್ಷೆ ಅಡುಗೆ ಮನೆಯಲ್ಲೇ ಆಗುತ್ತದೆ. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆಯೇ 82 ಎಂದೋ 88 ಎಂದೋ ಅಚ್ಚಾಗಿರುತ್ತದೆ. ಆ ಡಿಗ್ರಿಗೆ ಬಾಯಿ ಬಿಡಲು ಶುರುವಾಗಿ, ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ಸರಿ, ಕುದಿಯುವ ನೀರಿನಲ್ಲೂ ಬಾಯಿ ಬಿಡದಿದ್ದರೆ ಹೊಸದು ತನ್ನಿ. ಹಾಕುವಾಗ ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗಿರಲಿ. ತಿರುಗಾಮುರುಗಾ ಹಾಕಿದ್ದನ್ನು ಜಾಸ್ತಿಯೇ ನೋಡಿದ್ದೇನೆ.

ಕ್ಯಾಪ್ ನೋಡೋಕೆ ಚೆನ್ನಾಗಿದೆ. ಅದನ್ನು ಯಾಕೆ ಬದಲಾಯಿಸಬೇಕು?

ರಬ್ಬರ್ ಗಟ್ಟಿಯಾಗಿ, ಸ್ಪ್ರಿಂಗ್ ಸೋತಿರಬಹುದು. 0.9 (ಎಷ್ಟು ಬಾರ್ ಒತ್ತಡ ಹಿಡಿಯುತ್ತದೆ ಎನ್ನುವ ಸಂಖ್ಯೆ) ಎಂದು ಬರೆದ ಕ್ಯಾಪ್ ಒತ್ತಡವನ್ನು ಸರಿಯಾಗಿ ಹಿಡಿದರೆ ಬರೀ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಹಿಡಿಯದಿದ್ದರೆ ನೂರಕ್ಕೇ ಕುದಿದು ಹೊರಗೆ. ನಿಮ್ಮ ಗಾಡಿಗೆ ಹೇಳಿದ ಸಂಖ್ಯೆಯದ್ದನ್ನೇ ಹಾಕಿ. ಜಾಸ್ತಿ ಒತ್ತಡದ್ದು ಹಾಕಿದರೆ ಹಳೆಯ ಹೋಸ್, ಹಳೆಯ ಬೆಸುಗೆ ತಡೆಯುವುದಿಲ್ಲ.

ದಿನಾ ಅರ್ಧ ಲೀಟರ್ ನೀರು ಕಡಿಮೆ ಆಗುತ್ತೆ. ನೆಲದಲ್ಲಿ ಒಂದು ಹನಿಯೂ ಇಲ್ಲ.

ಬಿಸಿ ಎಂಜಿನ್ ಮೇಲೆ ಸೋರಿದ್ದು ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಬಿಳಿ ಅಥವಾ ಹಸಿರು ಕಲೆ ಹುಡುಕಿ. ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿ ಕಲೆ ಇದ್ದರೆ ಒಳಗಿನ ಸೀಲ್ ಹೋಗಿದೆ. ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚಿದವರಿದ್ದಾರೆ! ಮುಚ್ಚಿದರೆ ನೀರು ಬೇರಿಂಗಿಗೆ ಹೋಗುತ್ತದೆ. ಹೀಟರ್ ಇದ್ದರೆ ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಮಳೆ ನೀರು ಎಂದುಕೊಂಡದ್ದು ಅಂಟಂಟಾಗಿದ್ದರೆ ಅದು ಕೂಲೆಂಟ್. ಎಲ್ಲೂ ಸಿಗದಿದ್ದರೆ ನೀರು ಸೈಲೆನ್ಸರಿನಿಂದ ಹೋಗುತ್ತಿದೆ, ಗ್ಯಾಸ್ಕೆಟ್ ಪ್ರಶ್ನೆಗೆ ಹೋಗಿ.

ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕ್ತಾರಲ್ಲ, ಅದು ಸರಿನಾ?

ಸಣ್ಣ ತೂತನ್ನು ಅದು ಮುಚ್ಚುತ್ತದೆ, ಸುಳ್ಳಲ್ಲ. ಹುಲಿಕಲ್ ಘಾಟಿಯಲ್ಲಿ ರಾತ್ರಿ ಸಿಕ್ಕಿಬಿದ್ದವರಿಗೆ ನಾನೇ ಹಾಕಿ ಅನ್ನುತ್ತೇನೆ. ಆದರೆ ಪುಡಿಗೆ ಬೇಕಾದ ತೂತು, ಬೇಡದ ತೂತು ಗೊತ್ತಿಲ್ಲ. ಕೊಳವೆಗಳನ್ನೂ ಕಟ್ಟುತ್ತದೆ. ಮನೆ ಮುಟ್ಟಿದ ಮೇಲೆ ಪೂರ್ತಿ ತೊಳೆಸಿ, ಬೆಸುಗೆ ಹಾಕಿಸಿ.

ಹೆಡ್‌ಲೈಟ್ ಹಾಕಿದ ತಕ್ಷಣ ಮುಳ್ಳು ಏರುತ್ತೆ!

ನೀರು ಅಷ್ಟು ಬೇಗ ಕಾಯುವುದಿಲ್ಲ. ಮುಳ್ಳು ಸುಳ್ಳು ಹೇಳುತ್ತಿದೆ. ಅರ್ಥ್ ವೈರ್ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ ಹೋಗುವ ಅರ್ಥ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ.

## ಗ್ಯಾರೇಜಿನ ಕೆಲಸ

ಟೈಮಿಂಗಿಗೂ ಹೀಟಿಗೂ ಏನು ಸಂಬಂಧ?

ತುಂಬಾ ಇದೆ. ಹಳೆಯ ಗಾಡಿಗಳಲ್ಲಿ ಎಲ್ಲರೂ ಕೊನೆಗೆ ನೋಡುವುದೂ ಇದನ್ನೇ. ಕಿಡಿ ತಡವಾದರೆ ಪೆಟ್ರೋಲ್ ಪಿಸ್ಟನ್ ತಳ್ಳಬೇಕಾದ ಹೊತ್ತಿಗೆ ಉರಿದು ಮುಗಿದಿರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತೆರೆದಾಗಲೂ ಉರಿಯುತ್ತಿರುತ್ತದೆ. ಆ ಶಾಖ ಹೆಡ್ಡಿಗೆ, ಅಲ್ಲಿಂದ ನೀರಿಗೆ. ಶಕ್ತಿ ಕಡಿಮೆಯಾದ್ದರಿಂದ ನೀವು ಇನ್ನಷ್ಟು ಆಕ್ಸಿಲರೇಟರ್ ಒತ್ತುತ್ತೀರಿ. ಅದರಿಂದ ಇನ್ನಷ್ಟು ಶಾಖ.

ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಡಿಸ್ಟ್ರಿಬ್ಯೂಟರ್ ಒಳಗಿನ ಸ್ವಿಚ್) ಇರುವ ಗಾಡಿಯಲ್ಲಿ ಇದು ತಾನಾಗೇ ಆಗುತ್ತದೆ. ಪಾಯಿಂಟಿನ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಟೈಮಿಂಗ್ ಹಿಂದೆ ಸರಿಯುತ್ತದೆ. ಪದ್ಮಿನಿಯಲ್ಲಿ ಗ್ಯಾಪ್ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಇರಬೇಕು. ಮೊದಲು ಗ್ಯಾಪ್, ಆಮೇಲೆ ಟೈಮಿಂಗ್ ಲೈಟ್. ಉಲ್ಟಾ ಮಾಡಿದರೆ ಎರಡೂ ಕೆಡುತ್ತವೆ.

ಅಡ್ವಾನ್ಸ್, ಅಂದರೆ ಕಿಡಿಯನ್ನು ಬೇಕಾದಷ್ಟು ಮುಂಚೆ ಹಾರಿಸುವುದು, ಎರಡು ಬಗೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಇರುವುದಿಲ್ಲ. ಆಗ ಕೆಲಸ ಮಾಡುವುದು ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ಬಿಲ್ಲೆಗಳು. ಅವು ತುಕ್ಕಿಗೆ ಅಂಟಿದ್ದರೆ ಘಾಟಿಯಲ್ಲಿ ಹೀಟ್. ಸಮತಟ್ಟಿನಲ್ಲಿ ಹಗುರವಾಗಿ ಓಡಿಸುವಾಗ ಬೇಕಾದದ್ದು ವ್ಯಾಕ್ಯೂಮ್ ಡಯಾಫ್ರಾಮ್. ಅದರ ಪೈಪನ್ನು ಕಾರ್ಬೊರೇಟರ್ ಕಡೆಯಿಂದ ಬಿಡಿಸಿ ಬಾಯಲ್ಲಿ ಹೀರಿ. ಒತ್ತಡ ನಿಲ್ಲಬೇಕು. ಗಾಳಿ ಸಲೀಸಾಗಿ ಬಂದರೆ ಅದು ಹರಿದಿದೆ.

ಆಯಿಲ್ ಮುಚ್ಚಳದಡಿ ಬೆಣ್ಣೆ ತರಹ ಬೆಳ್ಳಗಿದೆ. ಹೆಡ್ ಗ್ಯಾಸ್ಕೆಟ್ ಹೋಯ್ತಾ?

ಮಲೆನಾಡಿನ ಮಳೆಗಾಲದಲ್ಲಿ ಅಷ್ಟು ನೋಡಿ ತೀರ್ಮಾನ ಮಾಡಬೇಡಿ. ಡೈರಿಗೆ ಹೋಗಿ ಬರುವಷ್ಟು ಸಣ್ಣ ಓಡಾಟದಲ್ಲಿ ಎಂಜಿನ್ ಪೂರ್ತಿ ಕಾಯುವುದಿಲ್ಲ. ಒಳಗಿನ ತೇವ ಮುಚ್ಚಳದಡಿ ಹಾಗೆ ಕಟ್ಟುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿ. ಅದರ ಆಯಿಲ್ ಬಣ್ಣ ಸರಿಯಿದ್ದು, ನೀರೂ ಕಡಿಮೆಯಾಗದಿದ್ದರೆ ಒಂದು ದಿನ ಶಿವಮೊಗ್ಗಕ್ಕೆ ಹೋಗಿ ಬನ್ನಿ, ಅದು ಹೋಗುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ.

ಗ್ಯಾಸ್ಕೆಟ್ ಖಚಿತ ಮಾಡಿಕೊಳ್ಳಲು ತಣ್ಣನೆ ಎಂಜಿನ್ನಿನಲ್ಲಿ ಕ್ಯಾಪ್ ತೆಗೆದು, ನೀರು ತುಂಬಿ, ಸ್ಟಾರ್ಟ್ ಮಾಡಿ ನೋಡಿ. ಮೊದಲಿಗೆ ಒಂದೆರಡು ಗುಳ್ಳೆ ಬರುವುದು ಸಹಜ. ಬಿಡದೆ ಬುಳುಬುಳು ಬಂದು, ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾದರೆ ಅದು ಸಿಲಿಂಡರಿನ ಗ್ಯಾಸ್. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತಾಗುವುದೂ ಅದೇ ಲಕ್ಷಣ. ಪ್ಲಗ್ ಬಿಚ್ಚಿ ನೋಡಿ. ಒಂದು ಮಾತ್ರ ತೊಳೆದಂತೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ.

ಗ್ಯಾಸ್ಕೆಟ್ ಮಾತ್ರ ಬದಲಾಯಿಸಿದರೆ ಸಾಲದಾ? ಹೆಡ್ ಲೇತಿಗೆ ಯಾಕೆ?

ಗ್ಯಾಸ್ಕೆಟ್ ಸುಟ್ಟದ್ದು ಹೆಡ್ ಬೆಂಡಾದ್ದರಿಂದಲೇ ಇರಬಹುದು. ಹೆಡ್ ಮೇಲೆ ನೇರ ಪಟ್ಟಿ ಇಟ್ಟು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ ನೋಡಿ. 0.05 ಮಿಲಿಮೀಟರಿಗಿಂತ ದಪ್ಪದ ಎಲೆ ಒಳಹೋದರೆ ಫೇಸಿಂಗ್ ಮಾಡಿಸಬೇಕು, ಅಂದರೆ ಲೇತಿನಲ್ಲಿ ಉಜ್ಜಿಸಿ ಸಮತಟ್ಟು ಮಾಡಿಸಬೇಕು. ಎಷ್ಟು ಕಡಿಮೆಗೆ ಆಗುತ್ತೋ ಅಷ್ಟೇ ತೆಗೆಯಲು ಹೇಳಿ. ಪದೇ ಪದೇ ಉಜ್ಜಿದ ಹೆಡ್ಡಿನಲ್ಲಿ ಕಂಪ್ರೆಷನ್ ಜಾಸ್ತಿಯಾಗಿ ನಾಕಿಂಗ್ ಶುರುವಾಗುತ್ತದೆ. ಬೋಲ್ಟ್ ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ, ಟಾರ್ಕ್ ವ್ರೆಂಚಿನಲ್ಲಿ. ‘ಕೈ ಅಂದಾಜು ನಂಗೆ ಗೊತ್ತು’ ಎನ್ನುವವರ ಹತ್ತಿರ ಈ ಕೆಲಸ ಬೇಡ.

ಕೆಲಸ ಎಲ್ಲ ಮುಗಿಸಿ ನೀರು ತುಂಬಿದೆವು. ಮತ್ತೆ ಹೀಟ್!

ಗಾಳಿ ಸಿಕ್ಕಿಕೊಂಡಿದೆ. ಮುಂಭಾಗ ಮೇಲೆ ಬರುವಂತೆ ಏರಿನಲ್ಲಿ ನಿಲ್ಲಿಸಿ, ನಮ್ಮ ಕಡೆ ಏರಿಗೇನೂ ಬರವಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು, ಹೀಟರಿನ ನಲ್ಲಿಯನ್ನು ತೆರೆದು, ಕ್ಯಾಪ್ ತೆಗೆದು, ಐಡ್ಲಿಂಗಿನಲ್ಲಿ ಬಿಡಿ. ಮೇಲಿನ ಹೋಸ್ ಹಿಚುಕುತ್ತಾ, ಇಳಿದಷ್ಟು ನೀರು ತುಂಬುತ್ತಾ ಹೋಗಿ. ಥರ್ಮೋಸ್ಟಾಟ್ ತೆರೆದಾಗ ನೀರು ಗಬಕ್ಕನೆ ಇಳಿಯುತ್ತದೆ. ತುಂಬಿ, ಕ್ಯಾಪ್ ಹಾಕಿ.

ರೇಡಿಯೇಟರ್, ಪಂಪ್, ಥರ್ಮೋಸ್ಟಾಟ್, ಎಲ್ಲ ಹೊಸದು. ಆದರೂ ಹೋಗ್ತಿಲ್ಲ. ಇನ್ನೇನು ಉಳೀತು?

ಯಾರೂ ನೋಡದ ಮೂರು ಜಾಗ ಉಳಿದಿವೆ.

800ರ ಫ್ಯಾನ್ ಮೋಟಾರ್ ಬದಲಾಯಿಸಿದಾಗ ವೈರ್ ಅದಲು ಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ನೋಡಲು ಎಲ್ಲ ಸರಿ, ಸದ್ದೂ ಸರಿ. ಒಂದು ಹಾಳೆ ಪೇಪರ್ ರೇಡಿಯೇಟರ್ ಮುಂದೆ ಹಿಡಿಯಿರಿ. ಅದು ಅಂಟಿಕೊಳ್ಳಬೇಕು. ಹಾರಿಹೋದರೆ ಫ್ಯಾನ್ ಎದುರು ಗಾಳಿಯ ಜೊತೆ ಗುದ್ದಾಡುತ್ತಿದೆ.

ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಸೈಲೆನ್ಸರ್ ಬಾಯಿಗೆ, ಓವರ್‌ಫ್ಲೋ ಪೈಪಿಗೆ ಟಾರ್ಚ್ ಬಿಡಿ. ಕಣಜದ ಹುಳ ಮಣ್ಣಿನ ಗೂಡು ಕಟ್ಟಲು ಇಂಥ ತೂತನ್ನೇ ಹುಡುಕುತ್ತದೆ. ಓವರ್‌ಫ್ಲೋ ಮುಚ್ಚಿದರೆ ಹೊರಗೆ ಹೋದ ನೀರು ತಣ್ಣಗಾದಾಗ ವಾಪಸ್ ಬರುವುದಿಲ್ಲ. ಸೈಲೆನ್ಸರ್ ಒಳಗೆ ತುಕ್ಕು ಕುಸಿದು ಹೊಗೆಯ ದಾರಿ ಕಟ್ಟಿದರೂ ಎಂಜಿನ್ ಕಾಯುತ್ತದೆ.

ಕೊನೆಯದು ಬ್ಲಾಕ್. ವರ್ಷಗಟ್ಟಲೆ ಬರೀ ನೀರಿನಲ್ಲಿ ಓಡಿದ ಎಂಜಿನ್ನಿನಲ್ಲಿ ನೀರು ಬರುವ ಕಡೆಯಿಂದ ದೂರದ ಸಿಲಿಂಡರ್ ಸುತ್ತ ತುಕ್ಕಿನ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಹೊಸ ರೇಡಿಯೇಟರ್ ಅದಕ್ಕೇನೂ ಮಾಡಲಾರದು. ಬ್ಲಾಕಿನ ಬದಿಯ ತೂತು ಮುಚ್ಚುವ ತಗಡಿನ ಬಿಲ್ಲೆ, ಅಂದರೆ ವೆಲ್ಶ್ ಪ್ಲಗ್ ತೆಗೆಸಿ, ತಂತಿಯಿಂದ ಕೆರೆದು, ನೀರು ತಿಳಿಯಾಗಿ ಬರುವವರೆಗೆ ತೊಳೆಸಿ, ಹೊಸ ಪ್ಲಗ್ ಬಡಿಸಿ. ಆಮೇಲೆ ಕೂಲೆಂಟ್ ಹಾಕಿ ಎರಡು ವಾರ ಓಡಿಸಿ, ಅದನ್ನೂ ಒಮ್ಮೆ ಬಿಟ್ಟು ಬೇರೆ ತುಂಬಿ. ಉಳಿದ ಕೆಸರು ಆ ಎರಡು ವಾರದಲ್ಲಿ ಕದಡಿ ಬಂದು ಹೊಸ ರೇಡಿಯೇಟರಿಗೇ ಸೇರುತ್ತದೆ.